ತಾಕುವ ಬಿಸಿ, ಹಾಯುವ ಬಿಸಿ

ಶಿವರಾಂಪೇಟೆಯ ಅಂಗಡಿಯ ಗಾಜಿನ ಮೇಲೆ
ಎರಡು ಯಂತ್ರ ಇಟ್ಟು ಸುಹೇಲ ಹೇಳುತ್ತಾನೆ:
ಇದರಲ್ಲಿ ಎಲೆ ಕಾದ ಗೋಡೆಗೆ ತಾಕುತ್ತೆ ಸಾರ್,
ಇದರಲ್ಲಿ ಬಿಸಿಗಾಳಿ ನಡುವೆ ಹಾದುಹೋಗುತ್ತೆ.
ಎರಡರಲ್ಲೂ ಹೊಗೆಯಿಲ್ಲ, ಬರೀ ಆವಿ.

ನನಗೇ ಹೇಳುತ್ತಾನೆ!
ಗಂಧದೆಣ್ಣೆ ಕಾರ್ಖಾನೆಯ ಬಾಯ್ಲರಿನ ಮುಂದೆ
ಇಪ್ಪತ್ತೊಂಬತ್ತು ವರ್ಷ ನಿಂತವನಿಗೆ.
ಪುಡಿಗೆ ಬೆಂಕಿ ತೋರಿಸಿದವರಲ್ಲ ನಾವು;
ಹಬೆ ಒಳಹೊಕ್ಕು
ಪರಿಮಳವನ್ನಷ್ಟೇ ಹೊತ್ತು ಹೊರಡುತ್ತಿತ್ತು.
ಬೀಡಿ ಮಾತ್ರ ಗೇಟಿನಾಚೆ ಸುಟ್ಟೆ,
ಅದರ ಲೆಕ್ಕ ಈಗ ಎದೆ ಒಪ್ಪಿಸುತ್ತಿದೆ.

ಗಾಳಿಯದೇ ಸರಿ, ಎಂದೆ. ಸಮ ಬಿಸಿ, ಕರಕಲಿಲ್ಲ.
ಅವನು ಬಿಲ್ಲು ಬರೆಯತೊಡಗಿದ.

ಆಗ ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಚಿಕ್ಕತಾಯಿ:
ಕಾವಲಿಯಲ್ಲಿ ಓಮ ಹುರಿದು, ಹಳೆ ಪಂಚೆಯ ತುಂಡಿಗೆ ಕಟ್ಟಿ,
ಎದೆಗೊತ್ತಿ, "ಸುಡ್ತದಾ?" ಎಂದು ಕೇಳಿ
ಉತ್ತರಕ್ಕೆ ಕಾಯದೆ ಇನ್ನೊಮ್ಮೆ ಒತ್ತುತ್ತಿದ್ದವಳು.

ಅದು ಬೇಡ, ತಾಕುವುದನ್ನೇ ಕೊಡು.

ಇದನ್ನ ನಡುನಡುವೆ ಕೆದಕಬೇಕು ಸಾರ್,
ಇಲ್ಲಾಂದ್ರೆ ಒಂದೇ ಮಗ್ಗುಲು ಸೀದುಹೋಗುತ್ತೆ.

ಕೆದಕ್ತೀನಪ್ಪ.
ಒಣಗಿದ ತುಳಸಿ ಮನೆಯಲ್ಲಿ ಡಬ್ಬಿ ತುಂಬ ಇದೆ,
ಸಂಜೆಗಳೂ.