ಐವತ್ತಾರು ಇಂಚು

ಚಕ್ರ ಇಪ್ಪತ್ತೆಂಟೇ ಇಂಚು, ನಾನೇ ಟೇಪು ಹಿಡಿದು ನೋಡಿದ್ದೆ.
ಲಿಗೋರಿ ಮಾತ್ರ ಅಂಗಡಿಯ ಗೋಡೆಗೆ
ಸೀಮೆಸುಣ್ಣದಲ್ಲಿ ಬರೆದ: ಅರವತ್ತೆಂಟು ಚಿಲ್ಲರೆ.
ಅಷ್ಟು ದೊಡ್ಡ ಚಕ್ರ ಈ ಬಂದರಿನ ಗಲ್ಲಿಯಲ್ಲಿ
ಎಲ್ಲುಂಟು ಮಾರಾಯ್ರೆ?

"ಹಲ್ಲು ಎಣಿಸಿ ಟೀಚರೇ," ಅಂದ,
ತನಗೇ ಮುಂದಿನೆರಡು ಹಲ್ಲಿಲ್ಲದವ.
ಎಣಿಸಿದೆ. ಬೆರಳಿಗೆ ಗ್ರೀಸು, ಸೆರಗಿಗೂ ಸ್ವಲ್ಪ.
ಪೆಡಲಿನ ತಟ್ಟೆಗೆ ನಲವತ್ತನಾಲ್ಕು,
ಹಿಂದಿನ ಪುಟ್ಟದಕ್ಕೆ ಹದಿನೆಂಟು.
ಅದನ್ನು ಇದರಿಂದ ಭಾಗಿಸಿ, ಚಕ್ರಕ್ಕೆ ಗುಣಿಸಿ, ಅಷ್ಟೇ.

ಅಷ್ಟೇ ಅಲ್ಲ.
ಒಂದು ಕಾಲದಲ್ಲಿ ಚೈನೇ ಇರಲಿಲ್ಲವಂತೆ.
ಪೆಡಲು ಚಕ್ರದ ನಡುವಿಗೇ ಕಚ್ಚಿಕೊಂಡು
ಮುಂದೆ ಆಳೆತ್ತರದ ಗಾಲಿ, ಹಿಂದೊಂದು ಹರಿವಾಣದಷ್ಟು.
ಉದ್ದ ಕಾಲಿನವನಿಗೆ ದೊಡ್ಡ ಚಕ್ರ,
ಗಿಡ್ಡನಿಗೆ ಗಿಡ್ಡದ್ದು;
ವೇಗವನ್ನು ದರ್ಜಿಯ ಹಾಗೆ
ತೊಡೆಯಿಂದ ಹಿಮ್ಮಡಿಗೆ ಅಳೆಯುತ್ತಿದ್ದರು.
ಚೈನು ಬಂತು, ಆ ಚಕ್ರ ಹೋಯಿತು,
ಅಳತೆ ಹೋಗಲಿಲ್ಲ.
"ರಸ್ತೆಗೆ ತಾಗುವುದು ಇಪ್ಪತ್ತೆಂಟು.
ಕಾಲಿಗೆ ಗೊತ್ತಾಗುವುದು ಅರವತ್ತೆಂಟು."

ಇಪ್ಪತ್ತೊಂದು ವರ್ಷ ಏಳನೇ ಕ್ಲಾಸಿಗೆ
ಅನುಪಾತ ಕಲಿಸಿದವಳು ನಾನು.
ಅದಕ್ಕೆ ಭಾರ ಉಂಟೆಂದು ಒಬ್ಬನಿಗೂ ಹೇಳಿರಲಿಲ್ಲ.

ಸೈಕಲ್ಲು ಹಸನಬ್ಬನದ್ದು. ದಕ್ಕೆಯಿಂದ ಬೆಂದೂರಿಗೆ
ದಿನಾ ನಲವತ್ತು ಕಿಲೋ ಬಂಗುಡೆ, ಮೇಲೆ ಐಸು.
ಅವನಿಗೆ ಇಂಚು ಗೊತ್ತಿಲ್ಲ, ಅವನ ಅಳತೆ
ಬಾವುಟಗುಡ್ಡೆಯಲ್ಲಿ ಇಳಿದು ತಳ್ಳಬೇಕಾದ ಜಾಗ.
ಸದ್ಯ ಅದು ಏರಿನ ಬುಡದ ದೀಪದ ಕಂಬ.
"ಮೊಣಕಾಲು ಅಳ್ತದೆ," ಅಂದ,
ಯಾರದೋ ಮಗುವಿನ ವಿಷಯ ಹೇಳುವಂತೆ.

ಲಿಗೋರಿ ಹದಿನೆಂಟನ್ನು ಬಿಚ್ಚಿ ಇಪ್ಪತ್ತೆರಡು ಹಾಕಿದ.
ನಲವತ್ತನಾಲ್ಕಕ್ಕೆ ಇಪ್ಪತ್ತೆರಡು, ಸರಿಯಾಗಿ ಎರಡು.
ಎರಡು ಇಪ್ಪತ್ತೆಂಟಲಿ ಐವತ್ತಾರು.
ಏಳರಿಂದ ಭಾಗಿಸಿದರೆ ಎಂಟು, ಶೇಷವಿಲ್ಲ;
ಇಪ್ಪತ್ತೆರಡೆಂಟಲಿ ನೂರ ಎಪ್ಪತ್ತಾರು.
ಪೆಡಲು ಒಂದು ಸುತ್ತು ಬಂದರೆ
ಹದಿನಾಲ್ಕು ಅಡಿ ಎಂಟು ಇಂಚು.
ಲೆಕ್ಕ ಇಷ್ಟು ಚಂದವಾಗಿ ಕೂತರೆ ನನಗೆ ಈಗಲೂ ಸಂಶಯ,
ಅದಕ್ಕೆ ರಸ್ತೆಗೇ ಗೆರೆ ಎಳೆಸಿದೆ.

ಹಳೆಯ ಹಲ್ಲಿನ ಗೆರೆ ಮೊದಲೇ ಎಳೆದಿತ್ತು,
ಹದಿನೆಂಟು ಅಡಿಗೆ ಒಂದಿಂಚು ಕಮ್ಮಿ.
ಎರಡು ಗೆರೆಗಳ ನಡುವೆ ಮೂರಡಿ ಮೂರಿಂಚು.
"ಅಷ್ಟು ಲಾಸಾ?" ಹಸನಬ್ಬನ ಮುಖ ಸಣ್ಣದಾಯಿತು.
"ಲಾಸಲ್ಲ, ಗುಡ್ಡೆಗೆ ಕೊಟ್ಟ ಬಾಡಿಗೆ," ಲಿಗೋರಿ ಅಂದ.
ಮೀನಿನ ನೀರು ತೊಟ್ಟಿಕ್ಕಿದ್ದ ಆ ಜಾಗದಲ್ಲಿ
ಬೀದಿಯ ಬೆಕ್ಕೊಂದು ಬಂದು ಉದ್ದಕ್ಕೆ ಮಲಗಿತು,
ಬಾಲ ಸೇರಿಸಿದರೂ ಅರ್ಧ ತುಂಬಲಿಲ್ಲ.

ಮರುದಿನ ಕಂಬ ದಾಟಿದ, ಬಾದಾಮಿ ಮರ ದಾಟಿದ,
ಸೀಟಿನಲ್ಲೇ. ತಿರುವಿನ ಗೇಟಿನ ಹತ್ತಿರ ಇಳಿದ.
ಸಂಜೆ ಖಾಲಿ ಪೆಟ್ಟಿಗೆಯೊಂದಿಗೆ ಅಂಗಡಿಗೆ ಬಂದು ದೂರು:
ಸಪಾಟಿನಲ್ಲಿ ಎಷ್ಟು ತುಳಿದರೂ ಊರೇ ಬರುವುದಿಲ್ಲ.
"ಗುಡ್ಡೆಗೆ ಇದು, ಸಪಾಟಿಗೆ ಅದು,
ಎರಡೂ ಒಟ್ಟಿಗೆ ಆಗುದಿಲ್ವಾ?"
ಲಿಗೋರಿ ಕೊಕ್ಕೆಯಲ್ಲಿ ತೂಗುತ್ತಿದ್ದ ಗೇರಿನ ಸೈಕಲ್ ತೋರಿಸಿದ.
ಹಸನಬ್ಬ ರೇಟು ಕೇಳಿದ,
ಉಳಿದಿದ್ದ ಒಂದು ಬಂಗುಡೆಯನ್ನು ಬೆಕ್ಕಿಗೆಸೆದು
ಐವತ್ತಾರಿನಲ್ಲೇ ಹೋದ.