ಸಿಂಬಿ

ಕಡೀಕ ನನ್ನ ಕರದ್ರು. ಯಾಕಂದ್ರ
ಹಾಜರಿ ಪುಸ್ತಕದಾಗ ಸಹಿ ಮಾಡಾಕಿ ನಾನೊಬ್ಬಾಕೆ,
ಉಳದಾರೆಲ್ಲ ಹೆಬ್ಬಟ್ಟು.
ಮುಳಗುಂದ ನಾಕಾದ ಆಚಿ, ಜಿನ್ನಿನ ಅಂಗಳದಾಗ
ನಿಂತಿತ್ತು ಹೊಸಾದು, ಸಣ್ಣ ಟ್ರ್ಯಾಕ್ಟರು,
ಹೋರಿಗರು ಎಷ್ಟು ಇರ್ತೈತಿ ಅಷ್ಟ.
ಮೂತಿಗೆ ಅಡ್ಡ ಒಂದು ತಗಡಿನ ಹಲಗಿ,
ಹೊಗಿ ಕೊಳವಿಗೆ ಜಾಳಿಗಿ, ಎತ್ತಿನ ಬಾಯಿಕುಕ್ಕಿ ಕಟ್ಟಿಧಂಗ.
"ಒಂದು ಕಿಡಿ ಸಾಕು, ಅಂಗಳ ತುಂಬ ಹತ್ತಿ" ಅಂದ
ಇಮಾಮಹುಸೇನ. ತನ್ನ ಬೀಡಿ ಗೇಟಿನಾಗ ಬಿಟ್ಟು ಬಂದಿದ್ದ.

ಇಪ್ಪತ್ತಾರು ವರ್ಷ ನಾ ಹೊತ್ತದ್ದು ಬುಟ್ಟಿ.
ಅದಕ್ಕ ಗೇರು ಇಲ್ಲ.
ಹೊಟ್ಟಿ ಹಸದ್ರ ಸಾವಕಾಶ, ಮಾಲಕ ಬಂದ್ರ ಜೋರು.
ಇದಕ್ಕ ನೋಡಿದ್ರ ಕೋಲಿನ ಮ್ಯಾಲೆ ಕೋಲು,
ಒಂದರ ತುದಿಗೆ ಮೊಲದ ಚಿತ್ರ, ಆಮಿ ಚಿತ್ರ.
"ಆಮಿ ಕಡೆ ಇರಲಿ ಬಾಳವ್ವಕ್ಕ,
ಮೊಲ ಆಮ್ಯಾಲೆ ನೋಡೂಣು."

ಎಡಗಾಲು ಕ್ಲಚ್ಚು. ಬಿಟ್ಟೆ.
ಹಗ್ಗ ಹರಕೊಂಡಂಗ ಜಿಗದು ಸತ್ತಿತು.
ಮತ್ತ ಬಿಟ್ಟೆ, ಮತ್ತ ಸತ್ತಿತು.
"ಮಲಗಿದ ಕೂಸಿನ ಮ್ಯಾಲಿಂದ ಕೈ ತೆಗೀತಿಯಲ್ಲ,
ಎಚ್ಚರಾಗದಂಗ? ಹಂಗ ಬಿಡು."
ಮದವಿ ಸೈತ ಆಗಿಲ್ಲ ಆ ಹುಡುಗಗ, ಎಲ್ಲಿ ಕಂಡಾನೋ.
ಹಂಗ ಬಿಟ್ಟೆ. ಹೋತು.

ಬಲಗಾಲಿಗೆ ಬ್ರೇಕು ಎರಡು, ಗಾಲಿಗೊಂದು.
ಇದೊಂದು ಯಾರೂ ಹೇಳಿಕೊಡೂದು ಬ್ಯಾಡಾಗಿತ್ತು.
ಎಡಗೋಲು ತಡದ್ರ ಬಲಗೋಲು ಸುತ್ತತೈತಿ,
ಅಪ್ಪನ ಚಕ್ಕಡಿ ಹೊಡದಾಕಿಗೆ ಅಷ್ಟೂ ಗೊತ್ತಿಲ್ಲೇನು.
ಕಷ್ಟ ಅಂದ್ರ ಹಲಗಿ.
ತುಸು ಇಳದ್ರ ನೆಲ ಕೆರೀತೈತಿ, ಹತ್ತಿಗೆ ಮಣ್ಣು.
ತುಸು ಎದ್ರ ಅರ್ಧ ಹತ್ತಿ ಹಿಂದ ಉಳೀತೈತಿ.
ಮೊದಲನೇ ದಿನ ಒಂದು ರಾಶಿ ಮಣ್ಣು ಮಾಡಿದೆ,
ಬಿಷ್ಟನಗೌಡ್ರ ಬೈಗಳ ಇಲ್ಲಿ ಹಾಕೂ ಹಂಗಿಲ್ಲ.

ಹಿಮ ಬೀಳೂ ದೇಶದಾಗ ಹಿಂಗ ದಬ್ಬತಾರಂತ,
ಮನಿ ಮುಂದ, ದಾರಿ ಮ್ಯಾಲೆ, ಇದ ಬಿಳಪು,
ಟೀವ್ಯಾಗ ನೋಡೀನಿ.
ಅವರದು ಕರಗಿ ಹೋಗತೈತಿ.
ನಮ್ಮದು ಕಾಟಾದ ಮ್ಯಾಲೆ ಏರತೈತಿ, ಕ್ವಿಂಟಲ್ ಲೆಕ್ಕ.

ಬೇವಿನ ಕಟ್ಟಿ ಮ್ಯಾಲೆ ಎಂಟು ಮಂದಿ ಕುಂತು ನೋಡತಿದ್ರು,
ಖಾಲಿ ಬುಟ್ಟಿ ಬೋರಲ ಹಾಕಿ.
ನಾ ಒಂದ ಸಲ ದಬ್ಬಿದ್ದು ಅವರ ಒಂದು ತಾಸು.
ತುಳಜವ್ವ ಬಟ್ಟ ಮಡಿಸಿ ಎಣಿಸಿದ್ಲು. ನಗಲಿಲ್ಲ.
"ಹತ್ತಿ ಅಷ್ಟ ಅಲ್ಲ ಬಿಡ ನೀ ದಬ್ಬೂದು" ಅಂದ್ಲು.
ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಿಟ್ಟಿತ್ತು,
ಎಲ್ಲಾರ ಹುಬ್ಬಿಗೆ ಬಿಳೇ ನೂಲು.
ನಾ ಎಂಜಿನ್ ಬಂದ್ ಮಾಡಿದೆ.
ಬಂದ್ ಮಾಡಿದ್ರ ಮಾತು ಬರ್ತೈತಿ ಅನಕೊಂಡಿದ್ದೆ.

ಬಂದದ್ದು ಇಷ್ಟ: "ಸೀಟು ತಗ್ಗು, ನಾ ಗಿಡ್ಡಿ,
ಹಲಗಿ ತುದಿ ಕಾಣವಲ್ದು."
ಮಾಬೂಬಿ ಎದ್ದು ಬಂದ್ಲು.
ನೆತ್ತಿ ಮ್ಯಾಲಿನ ಸಿಂಬಿ ತಗದು ಕೈಗೆ ಕೊಟ್ಲು,
ಹಳೇ ಸೀರಿ ಹೊಸೆದದ್ದು, ಎಣ್ಣಿ ಹಿಡದು ಕರ್ರಗಾದದ್ದು.
"ನಿಂದೂ ನಂದೂ ಕೂಡಿಸಿ ಬುಡಕ ಇಟಗೋ.
ನನಗಿನ್ನ ಯಾಕ ಅದು?"

ಐದು ಮಂದಿ ಒಳಗ ಕಸ ಆರಿಸಾಕ ಹೋದ್ರು.
ಇಬ್ಬರು ಮೆಣಸಿನಕಾಯಿ ತೊಟ್ಟು ತೆಗೆಯೂ ಕೆಲಸಕ್ಕ, ಬ್ಯಾಡಗಿ ಲಾರಿ ಹತ್ತಿ.
ಮಾಬೂಬಿ ಎಲ್ಲಿಗೂ ಹೋಗಲಿಲ್ಲ, ಬರಲೂ ಇಲ್ಲ.

ಹಂಗಾಮ ಮುಗದ ಮ್ಯಾಲೆ ಗಟಾರದ ಹೂಳು ತಗದೆ,
ಕಂಪೌಂಡಿನ ಕಾಂಗ್ರೆಸ್ ಕಸ ಹೊಡದೆ,
ಮಳಿಗೆ ಕುಸದ ಎರಿಮಣ್ಣು ಹಿಂದಕ್ಕ ಏರಿಸಿದೆ.
ಈಗ ಹಲಗಿ ನನ್ನ ಅಂಗೈ ಇದ್ದಂಗ, ನೆಲದ ಉಬ್ಬು ತಗ್ಗು
ಕುಂತಲ್ಲೇ ತಿಳೀತೈತಿ.
ಬಿಸಲಿಗೆ ಸೀಟು ಕಾದಾಗ ಆಕಿ ಕೊಬ್ಬರಿ ಎಣ್ಣಿ ವಾಸನಿ.

ಮೊನ್ನೆ ಬೆಟಗೇರಿ ಸಂತ್ಯಾಗ ಸಿಕ್ಕಿದ್ಲು.
ಉಳ್ಳಾಗಡ್ಡಿ ಆರಸಕೋತ, ನನ್ನ ಮಾರಿ ನೋಡದ, ಕೇಳಿದ್ಲು:
"ನನ್ನ ಕಾಲು ಮುಟ್ಟತಾವೇನ ಅದಕ್ಕ?"
ಐತವಾರ ಬಾ, ಅಂದೆ.
ಗೇಟಿನ ಕಾಶಪ್ಪಗ ನಾ ಹೇಳತೀನಿ.