ಹದಿನಾಲ್ಕನೆಯ ಗೂಟ

ಕಲ್ಲಿಲ್ಲ ಇಲ್ಲಿ.
ಕಾಗೆಗೆ ಎಸೆಯೋಣವೆಂದರೂ ಒಂದು ಕಲ್ಲಿಲ್ಲ.
ಹುಕುಂಟ್ಸಿಯಿಂದ ಪಡುವಣಕ್ಕೆ ನಡೆಯುತ್ತ ಹೋದರೆ
ಕಲಹರಿ ಮುಗಿಯುವುದಿಲ್ಲ, ಕಾಲು ಮುಗಿಯುತ್ತದೆ.
ಜಲ್ಲಿ ಬೇಕೆಂದರೆ ಇನ್ನೂರು ಕಿಲೋಮೀಟರು;
ಬಂದು ಸುರಿಯುವ ಹೊತ್ತಿಗೆ
ಜಲ್ಲಿಗಿಂತ ಡೀಸೆಲ್ಲೇ ತುಟ್ಟಿ.
ನಕ್ಷೆಯಲ್ಲಿ ನಮ್ಮೂರಿನ ಪಕ್ಕ
ರಾಜಧಾನಿಯ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು:
‘ಸಾಮಗ್ರಿ ಇಲ್ಲ.’

ಇಲ್ಲವಂತೆ!
ಬಾಗಿಲು ತೆರೆದರೆ ಮೊದಲು ಒಳಬರುವುದು ಅದು,
ಗಂಜಿ ಉಂಡರೆ ಹಲ್ಲಿಗೆ ಸಿಗುವುದು ಅದು,
ಹೆರಿಗೆ ನೋವಿನ ಕೆಸೆಗೊಫೆತ್ಸೆಯನ್ನು ಹೊತ್ತ ಆಂಬುಲೆನ್ಸನ್ನು
ಅಚ್ಚಿನ ತನಕ ಹಿಡಿದು
ರಾತ್ರಿಯಿಡೀ ಕೂರಿಸಿಕೊಂಡದ್ದು ಅದು.
ಮಗು ಹುಟ್ಟಿದ್ದೂ ಅದರ ಮೇಲೆಯೇ.
ಈಗ ಮೂರನೇ ಕ್ಲಾಸು.
ಹೆಸರು ಮೊತ್ಲಾಬ. ಅಂದರೆ, ಮರಳು.

ನಾನು ಇಲಾಖೆಯ ಮಣ್ಣು ಪರೀಕ್ಷೆಯವಳು.
ಜರಡಿಯ ಮೇಲೆ ಜರಡಿ ಪೇರಿಸಿ ಅಲುಗಿಸುತ್ತೇನೆ.
ಎಲ್ಲ ಕಣವೂ ಒಂದೇ ಅಳತೆ,
ಒಂದಕ್ಕೊಂದು ಹೆಗಲು ಕೊಡದೆ ಜಾರುತ್ತವೆ.
ದಪ್ಪದ ಸಂದಿಗೆ ಸಣ್ಣದು,
ಸಣ್ಣದರ ಸಂದಿಗೆ ಇನ್ನೂ ಸಣ್ಣದು,
ಆಗಲೇ ಬಿಗಿ, ಎನ್ನುತ್ತದೆ ಪುಸ್ತಕ.
ಪುಸ್ತಕ ಬರೆದ ಊರಲ್ಲಿ ಹಿಮ ಬೀಳುತ್ತದಂತೆ.

ತ್ಸಿಪಿನಾರೆ ಅಜ್ಜ ಪುಸ್ತಕ ಓದಿದವನಲ್ಲ,
ಐವತ್ತು ವರ್ಷ ಕತ್ತೆಗಾಡಿ ಹೊಡೆದವನು.
‘ಕೆಂಪು ದಿಬ್ಬದ ಮೇಲೆ ಹೋಗು, ಬೂದು ತಗ್ಗಿಗೆ ಇಳಿಯಬೇಡ.
ಕೆಂಪು ನೆನೆದು ಒಣಗಿದರೆ ಹಳೇ ರೊಟ್ಟಿ;
ಬೂದು ಎಷ್ಟು ನೆನೆದರೂ ಹಿಟ್ಟು.’

ಎರಡನ್ನೂ ನೆನೆಸಿ ಉಂಡೆ ಕಟ್ಟಿದೆ,
ಜೀಪಿನ ಬಾನೆಟ್ಟಿನ ಮೇಲೆ ಎರಡು ದಿನ ಒಣಗಲಿಟ್ಟೆ.
ಎತ್ತಿ ಕೈಬಿಟ್ಟಾಗ
ಬೂದಿನದು ಸದ್ದಿಲ್ಲದೆ ಉದುರಿಹೋಯಿತು.
ಕೆಂಪಿನದು ಟಪ್ ಎಂದು ಎರಡು ಹೋಳಾಯಿತು.
ಆ ಟಪ್ ಸದ್ದಿಗೆ ನಾನು ಹಿಗ್ಗಿದ್ದು
ನನ್ನ ಗಂಡ ಒಪ್ಪಿಗೆ ಹೇಳಿದ ದಿನವೂ ಹಿಗ್ಗಿರಲಿಲ್ಲ.
ಪ್ರತಿ ಕಣಕ್ಕೂ ತುಕ್ಕಿನ ತೆಳು ಅಂಗಿ,
ಅಂಗಿಯ ಮಡಿಕೆಯಲ್ಲಿ ಚಿಟಿಕೆ ಜೇಡಿ,
ಅಷ್ಟೇ ಗುಟ್ಟು.

ನಾನೂರು ಮೀಟರಿಗೆ ಅನುಮತಿ ಬಂತು.
ನೂರು ಪಾಲು ಮರಳಿಗೆ ಎಂಟು ಪಾಲು ನೀರು.
ಕೊಳವೆಬಾವಿಯ ಮುಂದೆ ಬಕೆಟ್ಟುಗಳ ಸಾಲು,
ಸಾಲಿನ ಪಕ್ಕದಲ್ಲೇ ನಮ್ಮ ಟ್ಯಾಂಕರು.
ಸರದಿ ಕಾಯುತ್ತಿದ್ದ ಮ್ಮಾ ಗಬೈತ್ಸಾನೆ ಗಟ್ಟಿಯಾಗಿಯೇ ಅಂದಳು:
‘ಮರಳಿಗೆ ನೀರು ಕುಡಿಸುತ್ತಾಳೆ, ಮರುಳು.’
ಉತ್ತರ ಇರಲಿಲ್ಲ ನನ್ನಲ್ಲಿ.
ಈಗಲೂ ಇಲ್ಲ.
ಮರುದಿನದಿಂದ ಟ್ಯಾಂಕರನ್ನು
ನಡುರಾತ್ರಿಯ ಮೇಲೆ ಕಳಿಸಿದೆವು, ಅಷ್ಟೇ.

ಉರುಳುಗಲ್ಲಿನಂಥ ರೋಲರು ಮೂರು ದಿನ ಹೋಗಿ ಬಂತು, ಹೋಗಿ ಬಂತು.
ಮೇಲೆ ತೆಳುವಾಗಿ ಟಾರು.
ಫೆಬ್ರವರಿಯಲ್ಲಿ, ಕೇಳದೆ ಇದ್ದಾಗ, ಮಳೆ.

ಹದಿಮೂರು ಗೂಟದವರೆಗೆ ರಸ್ತೆ ಮಲಗಿದ ಹಾಗೇ ಇತ್ತು.
ಹದಿನಾಲ್ಕರಲ್ಲಿ ಗೂಳಿಗಳ ಲಾರಿ
ಹಿಂದಿನ ಚಕ್ರ ಹೂತು ನಿಂತಿತು.
ಗೂಳಿಗಳು ಇಲಾಖೆಯನ್ನು ಬೈಯುವಂತೆ ಕೂಗುತ್ತಿದ್ದವು.
ಟಾರು ಸುಲಿದು ಕೈಯಲ್ಲೇ ತೋಡಿದೆ.
ಮೊಣಕೈವರೆಗೂ ಬೂದು.

ಡ್ರೈವರ್ ಎನ್ತಿರೆಲಾಂಗ್ ಟೋಪಿ ತೆಗೆದು ನಿಂತ.
ಶುಕ್ರವಾರ. ಸೋದರಮಾವನ ಮಣ್ಣು.
ದಿಬ್ಬಕ್ಕೆ ಹೋಗಿ ಬಂದರೆ ಕತ್ತಲಾಗುತ್ತಿತ್ತು,
ತಗ್ಗು ಹತ್ತಿರವಿತ್ತು, ನಾಲ್ಕೇ ನಾಲ್ಕು ಲೋಡು.
ಅವನ ಕಣ್ಣು ನೋಡಲಾಗದೆ
ಅವನ ಬೂಟು ನೋಡಿದೆ.
ವರದಿಯಲ್ಲಿ ಬರೆದೆ:
‘ಹದಿನಾಲ್ಕನೆಯ ಗೂಟ. ಸೋತಿದೆ.
ಕಾರಣ: ದಿಬ್ಬ ದೂರವಿತ್ತು.’

ಇವತ್ತು ಮೊದಲ ಗೂಟದಿಂದ ಮತ್ತೆ ಅಳೆಯುತ್ತಿದ್ದೇನೆ.
ನೆಲಕ್ಕೆ ಊರಿದ ಸಲಾಕೆ, ಅದರ ಮೇಲೆ
ಎತ್ತಿ ಬಿಡುವ ಎಂಟು ಕಿಲೋ ಸುತ್ತಿಗೆ:
ಎಷ್ಟು ಏಟಿಗೆ ಎಷ್ಟು ಇಳಿಯಿತೆಂದು ಲೆಕ್ಕ.
ಶಾಲೆ ಬಿಟ್ಟ ಮೊತ್ಲಾಬ ಚೀಲ ಹೊತ್ತೇ ಕೂತು ಎಣಿಸುತ್ತಾನೆ.
ಮೂವತ್ತೇಳು, ಮೂವತ್ತೆಂಟು.
ಸಲಾಕೆ ಬೆರಳಗಲವೂ ಇಳಿದಿಲ್ಲ.

ಅವನು ಟಾರಿಗೆ ಕಿವಿ ಹಚ್ಚಿ ಕೇಳಿದ:
‘ಇಷ್ಟೊಂದು ತಟ್ಟುತ್ತೀಯಲ್ಲ, ಒಳಗೆ ಯಾರಿದ್ದಾರೆ?’

ಮೊತ್ಲಾಬ, ಅಂದೆ.
ಕಿವಿ ತೆಗೆ, ಮೂವತ್ತೊಂಬತ್ತು.